ಹೆಸರಿಗೊಬ್ಬ ಸಾಲಗಾರ

ನಾಮಕರಣದ ಆಮಂತ್ರಣ ಅಚ್ಚಾಗಿದೆ, ಅಡುಗೆಯವರಿಗೆ ಮುಂಗಡ ಸಂದಿದೆ, ತೊಟ್ಟಿಲಿಗೆ ಹೂವು ಹೇಳಿದ್ದಾಗಿದೆ, ಇಲ್ಲದಿರುವುದು ಹೆಸರೊಂದೇ. ಆಸ್ಪತ್ರೆಯ ಕಾಗದಗಳಲ್ಲಿ ನಮ್ಮ ಮಗ ಇನ್ನೂ ‘ಬೇಬಿ ಆಫ್’ ಎಂದು ಆರಂಭವಾಗಿ ತನ್ನ ತಾಯಿಯ ಹೆಸರಿನಲ್ಲಿ ಮುಗಿಯುತ್ತಾನೆ.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಶಾಲೆಯ ಗೇಟಿನಲ್ಲಿ ನಿಂತು ಕೂಗಿದರೆ ಅರ್ಧ ತರಗತಿ ತಿರುಗಿ ನೋಡಬಾರದು. ಲಸಿಕೆಯ ಚೀಟಿ ಬರೆಯುವವರು ಪೆನ್ನು ಕೆಳಗಿಟ್ಟು ‘ಇನ್ನೊಮ್ಮೆ ಹೇಳಿ’ ಎನ್ನಲೂಬಾರದು. ನನ್ನ ತರಗತಿಯ ಮಂಜುನಾಥರು ಇನಿಷಿಯಲ್ಲಿನಿಂದಲೂ ಬೇರೆಯಾಗದೆ ಉದ್ದ ಮಂಜ, ಸೈಕಲ್ ಮಂಜ ಎಂದು ವಿಂಗಡಣೆಗೊಂಡಿದ್ದರು. ಇಂದಿನ ಆರವ್, ವಿಹಾನ್, ಅದ್ವಿಕ್‌ಗಳಿಗೂ ಅದೇ ಗತಿ ಕಾದಿದೆ.

ಪಂಚಾಂಗದಲ್ಲಿ 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಅಕ್ಷರಗಳಿವೆ. ಅಷ್ಟರಲ್ಲಿ ನಮ್ಮ ಮಗ ಹುಡುಕಿ ಹುಟ್ಟಿದ್ದು ಆರ್ದ್ರಾ ಮೂರನೆಯ ಪಾದದಲ್ಲಿ. ಅದರ ಅಕ್ಷರ ‘ಙ’. ಸ್ಲೇಟು ಬಿಟ್ಟ ಮೇಲೆ ಈ ಅಕ್ಷರದ ಮುಖವನ್ನು ನಾನು ನೋಡಿಯೇ ಇರಲಿಲ್ಲ. ಪುರೋಹಿತರು ಕರುಣೆ ತೋರಿ ‘ಗ’ಕ್ಕೆ ಒಪ್ಪಿದರು.

ದೊಡ್ಡಪ್ಪ ಮಾತ್ರ ಯಾವುದಕ್ಕೂ ಒಪ್ಪಲಿಲ್ಲ. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು, ಶಿರಸಿಯಿಂದ ರಾಯಚೂರಿನವರೆಗೆ ವರ್ಗವಾಗಿ ನಿವೃತ್ತರಾದ ಅವರ ನೆನಪಿನಲ್ಲಿ ಒಂದೊಂದು ಹೆಸರಿಗೂ ಒಬ್ಬೊಬ್ಬ ಸಾಲಗಾರ ಕುಳಿತಿದ್ದಾನೆ. ಗೌತಮ ಎಂದೆ. “ಗೌತಮನೇ? ಟ್ರ್ಯಾಕ್ಟರ್ ಸಾಲ. ಟ್ರ್ಯಾಕ್ಟರೂ ಸಿಗಲಿಲ್ಲ, ಗೌತಮನೂ ಸಿಗಲಿಲ್ಲ.” ಗಿರೀಶ ಎಂದಾಗ ಜಾಮೀನುದಾರನ ವಿಳಾಸವೂ ಹೊರಬಂತು. ಗಗನ್ ಎಂಬುವನು ಸಾಲ ಪೂರ್ತಿ ತೀರಿಸಿದ್ದನಂತೆ, ಆದರೆ “ತೀರಿಸಿದ ರೀತಿ ಸರಿಯಿರಲಿಲ್ಲ”. ಆ ರೀತಿಯನ್ನು ಅವರು ವಿವರಿಸಿ ಮುಗಿಸುವಷ್ಟರಲ್ಲಿ ಮಗು ಹಾಲು ಕುಡಿದು, ಮಲಗಿ, ಮತ್ತೆ ಎದ್ದಿತ್ತು. ಇಂಥ ಹೆಸರಿಗೆ ಯಾವ ಶಾಖೆಯೂ ಸಾಲ ಕೊಟ್ಟಿರಲಾರದೆಂಬ ಧೈರ್ಯದಿಂದ ನನ್ನ ಹೆಂಡತಿ ‘ಗೀರ್ವಾಣ’ ಎಂದಳು. ದೊಡ್ಡಪ್ಪ ಕಣ್ಣು ಮುಚ್ಚಿ ಊರೂರು ಹುಡುಕಿದರು, ಯಾರೂ ಸಿಗಲಿಲ್ಲ. “ಯಾರೂ ಇಡದ ಹೆಸರೆಂದರೆ ಅದರಲ್ಲಿ ಏನೋ ಐಬಿರಬೇಕಮ್ಮ,” ಎಂದರು.

ಜನನ ನೋಂದಣಿಯಲ್ಲಿ ಹೆಸರನ್ನು 12 ತಿಂಗಳವರೆಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕೊಟ್ಟು ಸೇರಿಸಲು ಅವಕಾಶವಿದೆಯೆಂದು ನಾನು ಬೇಸತ್ತು ಹೇಳಿದಾಗ ಅವರು ಕೇಳಿದ್ದು, ತಡಶುಲ್ಕದ ಮೇಲೆ ಬಡ್ಡಿಯುಂಟೇ ಎಂದು.

ಹಿರಿಯ ಮೊಮ್ಮಗನಿಗೆ ಅಜ್ಜನ ಹೆಸರೆಂದರೆ ಚರ್ಚೆ ಮುಗಿಯುತ್ತಿದ್ದ ಕಾಲವನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ದೊಡ್ಡಪ್ಪನ ಹೆಸರು ಬಂದದ್ದೂ ಹಾಗೆಯೇ. ಮಾವನವರ ಹೆಸರನ್ನು ಬಾಯಿಬಿಟ್ಟು ಹೇಳಲಾರದ ನಮ್ಮ ಅಜ್ಜಿ ಮಗನನ್ನು ಕೊನೆಯವರೆಗೂ ‘ಪುಟ್ಟ’ ಎಂದೇ ಕರೆದರು. ಅವರು ಹೋದ ಮೇಲೆ ದೊಡ್ಡಪ್ಪನನ್ನು ಹಾಗೆ ಕರೆಯುವವರು ಯಾರೂ ಉಳಿದಿಲ್ಲ.

“ಹಾಗಾದರೆ ನೀವೇ ಒಂದು ಹೇಳಿ, ದೊಡ್ಡಪ್ಪ,” ಎಂದೆ. ಅಷ್ಟಕ್ಕೇ ಕಾದಿದ್ದವರಂತೆ ಅವರು ಬೆನ್ನು ನೆಟ್ಟಗೆ ಮಾಡಿಕೊಂಡು, “ಗಂಗಾಧರ. ‘ಗ’ ಅಕ್ಷರವೂ ಆಯಿತು. ನನ್ನ ಸರ್ವಿಸಿನಲ್ಲಿ ಈ ಹೆಸರಿನ ಒಂದು ಖಾತೆಯೂ ಬಾಕಿ ಉಳಿದದ್ದಿಲ್ಲ,” ಎಂದು ತಮ್ಮದೇ ಹೆಸರನ್ನು ಮಂಜೂರು ಮಾಡಿದರು. ಒಳಗೆ ಚಟ್ನಿ ರುಬ್ಬುತ್ತಿದ್ದ ದೊಡ್ಡಮ್ಮ ಮಿಕ್ಸಿ ನಿಲ್ಲಿಸಿ, ಮನೆಗೆ ತಾರಸಿ ಹಾಕಿಸುವಾಗ ತಮ್ಮ ಅಣ್ಣನಿಂದ ಪಡೆದ ಕೈಸಾಲದ ಮಾತೆತ್ತಿದರು.