ಅವಸರ ಮಾಡದೆ ದಾಟಿದ ನ್ಯೂಮನ್

'ಕರುಣಾಳು ಬಾ ಬೆಳಕೆ' ಕೇಳದ ಕನ್ನಡಿಗರು ಕಡಿಮೆ. ಶಾಲೆಯ ಪ್ರಾರ್ಥನೆಯಲ್ಲಿ ಹಾಡಿದವರು, ಭಾವಗೀತೆಯಾಗಿ ಕೇಳಿದವರು ಎಲ್ಲ ಕಡೆ ಸಿಗುತ್ತಾರೆ. ಬಿ.ಎಂ.ಶ್ರೀಯವರ 'ಇಂಗ್ಲಿಷ್ ಗೀತಗಳು' ಸಂಕಲನದ ಪದ್ಯ ಅಂತಲೂ ಹಲವರಿಗೆ ಗೊತ್ತು. ಆದರೆ ಮೂಲ ಪದ್ಯ ಬರೆದ ಜಾನ್ ಹೆನ್ರಿ ನ್ಯೂಮನ್ ಯಾರು ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಗೊತ್ತಿದ್ದವರೂ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ: ಪ್ರಾಟೆಸ್ಟಂಟ್ ಪಾದ್ರಿ, ಆಕ್ಸ್‌ಫರ್ಡಿನಲ್ಲಿ ಮೇಷ್ಟ್ರು, ಆಮೇಲೆ ಕಥೋಲಿಕರಾದರು, ಪೋಪ್ ಕೆಳಗಿನ ದೊಡ್ಡ ಪದವಿಯಾದ ಕಾರ್ಡಿನಲ್ ಆದರು.

ಈ ಒಂದು ಸಾಲು ನನಗೆ ಬೇಸರ ತರುತ್ತದೆ. ಏಕೆಂದರೆ ಅದರಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗಿದೆ. ಮತಾಂತರ ಅಂದಕೂಡಲೇ ನಮ್ಮಲ್ಲಿ ಎರಡೇ ಪ್ರಶ್ನೆ ಏಳುತ್ತವೆ. ಯಾರು ಆಮಿಷ ಒಡ್ಡಿದರು? ಯಾರು ಒತ್ತಾಯ ಮಾಡಿದರು? ನ್ಯೂಮನ್ ವಿಷಯದಲ್ಲಿ ಈ ಎರಡಕ್ಕೂ ಜಾಗವೇ ಇಲ್ಲ. ಅವರು ಪಡೆದದ್ದು ಏನೇ ಇರಲಿ, ಕಳೆದುಕೊಂಡದ್ದನ್ನು ನೋಡಬೇಕು. ಅದಕ್ಕೂ ಮೊದಲು, ಅವರು ಎಷ್ಟು ನಿಧಾನ ಮಾಡಿದರು ಅನ್ನುವುದನ್ನು ನೋಡಬೇಕು.

ಹುಟ್ಟಿದ್ದು ಲಂಡನ್ನಿನಲ್ಲಿ, 1801ರ ಫೆಬ್ರವರಿ 21ರಂದು. ತಂದೆ ಪಾಲುದಾರರಾಗಿದ್ದ ಬ್ಯಾಂಕ್ 1816ರಲ್ಲಿ ಬಾಗಿಲು ಹಾಕಿತು. ಅದೇ ವರ್ಷ, 15ರ ವಯಸ್ಸಿನಲ್ಲಿ, ಹುಡುಗನಿಗೆ ದೇವರ ಮೇಲೆ ಗಟ್ಟಿ ನಂಬಿಕೆ ಮೂಡಿತು. ಆಕ್ಸ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದರು. ಕೊನೆಯ ಪರೀಕ್ಷೆಗೆ ಎಷ್ಟು ಓದಿದರೆಂದರೆ ದಣಿದು ಪರೀಕ್ಷೆಯಲ್ಲೇ ಕುಸಿದರು. ಫಲಿತಾಂಶ ತೀರಾ ಸಾಧಾರಣ. ಆದರೂ ಎರಡು ವರ್ಷದಲ್ಲಿ, 1822ರ ಏಪ್ರಿಲ್‌ನಲ್ಲಿ, ಓರಿಯಲ್ ಕಾಲೇಜಿನ ಫೆಲೋ, ಅಂದರೆ ಕಾಲೇಜೇ ಸಾಕುವ ವಿದ್ವಾಂಸ, ಆಗಿ ಆಯ್ಕೆಯಾದರು. ಆ ಕಾಲದ ಆಕ್ಸ್‌ಫರ್ಡಿನಲ್ಲಿ ಅದಕ್ಕಿಂತ ದೊಡ್ಡ ಗೌರವ ಇರಲಿಲ್ಲ ಅಂತಲೇ ಹೇಳಬೇಕು. 1825ರಲ್ಲಿ ಆಂಗ್ಲಿಕನ್ ಚರ್ಚಿನ (ಇಂಗ್ಲೆಂಡಿನ ಅಧಿಕೃತ ಪ್ರಾಟೆಸ್ಟಂಟ್ ಚರ್ಚು) ಗುರುದೀಕ್ಷೆ, ಮರುವರ್ಷ ಓರಿಯಲ್‌ನಲ್ಲಿ ಪಾಠ ಹೇಳುವ ಕೆಲಸ, 1828ರಲ್ಲಿ ವಿಶ್ವವಿದ್ಯಾಲಯದ ಸೇಂಟ್ ಮೇರಿ ಚರ್ಚಿನ ಗುರು. ಭಾನುವಾರ ಮಧ್ಯಾಹ್ನದ ಅವರ ಪ್ರಬೋಧನೆ ಕೇಳಲು ವಿದ್ಯಾರ್ಥಿಗಳು ಕಿಕ್ಕಿರಿದು ಬರುತ್ತಿದ್ದರು. ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. ಬರೆದುಕೊಂಡು ಬಂದದ್ದನ್ನು ಸುಮ್ಮನೆ ಓದುತ್ತಿದ್ದರು, ಅಷ್ಟೇ.

ಪಾಠ ಹೇಳುವುದು ಅವರಿಗೆ ಬರೀ ಪುಸ್ತಕದ ಕೆಲಸ ಆಗಿರಲಿಲ್ಲ. ಶಿಷ್ಯನ ಇಡೀ ಬದುಕಿನ ಹೊಣೆ ಮೇಷ್ಟ್ರ ಮೇಲಿದೆ ಅಂತ ನಂಬಿದ್ದರು. ಕಾಲೇಜಿನ ಮುಖ್ಯಸ್ಥರಾದ ಹಾಕಿನ್ಸ್ ಇದನ್ನು ಒಪ್ಪಲಿಲ್ಲ. ಹೊಸ ವಿದ್ಯಾರ್ಥಿಗಳನ್ನು ಇವರ ಬಳಿ ಕಳಿಸುವುದನ್ನೇ ನಿಲ್ಲಿಸಿದರು. ಕೆಲಸ ತಾನಾಗಿ ಬರಿದಾಯಿತು. 1832ರ ಡಿಸೆಂಬರ್‌ನಲ್ಲಿ ನ್ಯೂಮನ್ ಗೆಳೆಯ ಹರೆಲ್ ಫ್ರೂಡ್ ಜೊತೆ ಮೆಡಿಟರೇನಿಯನ್ ಕಡೆ ಹೊರಟರು. ಆಮೇಲೆ ಒಬ್ಬರೇ ಸಿಸಿಲಿಗೆ ಹೋದರು. ಅಲ್ಲಿ ಜ್ವರ ಹತ್ತಿತು, ಸಾವಿನ ಹತ್ತಿರ ಹೋಗಿ ಬಂದರು. ಇಂಗ್ಲೆಂಡಿನಲ್ಲಿ ನನಗೊಂದು ಕೆಲಸವಿದೆ, ನಾನು ಸಾಯುವುದಿಲ್ಲ ಅಂತ ಜ್ವರದಲ್ಲೂ ಹೇಳುತ್ತಿದ್ದರಂತೆ. ವಾಪಸು ಬರುವಾಗ ಕಿತ್ತಳೆ ಹಣ್ಣು ಸಾಗಿಸುವ ಹಡಗು ಹತ್ತಿದರು. ಬೊನಿಫಾಚಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಹಡಗು ವಾರವಿಡೀ ನಿಂತುಬಿಟ್ಟಿತು. 1833ರ ಜೂನ್ 16ರಂದು ಆ ಪದ್ಯ ಬರೆದರು. ಆಗ ಅವರಿಗೆ 32 ವರ್ಷ.

ಇಲ್ಲೊಂದು ವಿಷಯ ಗಮನಿಸಬೇಕು. ಇದು ಮತಾಂತರದ ಪದ್ಯ ಅಂತ ಓದುವವರಿದ್ದಾರೆ. ಅಲ್ಲ. ಆಗ ನ್ಯೂಮನ್ ರೋಮಿಗೆ, ಅಂದರೆ ಪೋಪ್ ನಡೆಸುವ ಕಥೋಲಿಕ ಸಭೆಗೆ, ಕಟ್ಟಾ ವಿರೋಧಿ. ಕಥೋಲಿಕರಾಗುವುದಕ್ಕೆ ಇನ್ನೂ 12 ವರ್ಷ ಬಾಕಿ ಇತ್ತು. ದೂರದ ನೋಟ ಬೇಡ, ಒಂದು ಹೆಜ್ಜೆ ಸಾಕು ಅಂತ ಬೇಡಿಕೊಂಡವರಿಗೆ ಆ ಹೆಜ್ಜೆ ಎಲ್ಲಿಗೆ ಕರೆದೊಯ್ಯುತ್ತದೆ ಅನ್ನುವುದು ನಿಜವಾಗಿಯೂ ಗೊತ್ತಿರಲಿಲ್ಲ.

ಊರಿಗೆ ಬಂದ ಕೆಲವೇ ದಿನಗಳಲ್ಲಿ, ಜುಲೈ 14ರಂದು, ಗೆಳೆಯ, ಪಾದ್ರಿ ಜಾನ್ ಕೀಬಲ್ ಮಾಡಿದ ಒಂದು ಪ್ರಬೋಧನೆಯಿಂದ 'ಆಕ್ಸ್‌ಫರ್ಡ್ ಚಳವಳಿ' ಶುರುವಾಯಿತು. ಇಂಗ್ಲೆಂಡಿನ ಚರ್ಚು ಸರ್ಕಾರದ ಒಂದು ಇಲಾಖೆಯಲ್ಲ, ಯೇಸುವಿನ ಮೊದಲ ಶಿಷ್ಯರಾದ ಅಪೊಸ್ತಲರಿಂದ ಬಂದ ಪರಂಪರೆ ಅದಕ್ಕಿದೆ ಅನ್ನುವುದು ಇವರ ವಾದ. ಕೀಬಲ್, ಆಕ್ಸ್‌ಫರ್ಡಿನ ಇನ್ನೊಬ್ಬ ವಿದ್ವಾಂಸ ಪ್ಯೂಸಿ, ನ್ಯೂಮನ್ ಸೇರಿ ಕಿರುಹೊತ್ತಿಗೆಗಳನ್ನು ಹೊರತಂದರು. 1841ರ ಹೊತ್ತಿಗೆ ಅವು 90 ಆದವು. ಆ ತೊಂಬತ್ತನೆಯದನ್ನು ಬರೆದವರು ನ್ಯೂಮನ್. ಆಂಗ್ಲಿಕನ್ ಚರ್ಚಿನ ನಂಬಿಕೆಗಳನ್ನು ಹೇಳುವ 39 ವಿಧಿಗಳನ್ನು ಹಳೆಯ ಕಥೋಲಿಕ ನಂಬಿಕೆಗೆ ಹೊಂದುವಂತೆ ಓದಬಹುದು ಅಂದರು. ಗದ್ದಲ ಎದ್ದಿತು. ಆ 39 ವಿಧಿಗಳಿಗೆ ಸಹಿ ಹಾಕದೆ ಆಕ್ಸ್‌ಫರ್ಡಿಗೆ ಸೇರುವುದೇ ಆಗುತ್ತಿರಲಿಲ್ಲ. ಕಾಲೇಜುಗಳ ಮುಖ್ಯಸ್ಥರು ಖಂಡಿಸಿದರು, ಬಿಷಪ್ ಹೊತ್ತಿಗೆಗಳನ್ನು ನಿಲ್ಲಿಸಿ ಅಂದರು. ನ್ಯೂಮನ್ ನಿಲ್ಲಿಸಿದರು.

ಆದರೆ ಒಳಗಿನ ಅನುಮಾನ ಅದಕ್ಕೂ ಎರಡು ವರ್ಷ ಹಳೆಯದು. 1839ರ ಬೇಸಿಗೆಯಲ್ಲಿ ಅವರು ಐದನೇ ಶತಮಾನದ ಚರ್ಚಿನ ಇತಿಹಾಸ ಓದುತ್ತಿದ್ದರು. ಕ್ರಿಸ್ತನ ಸ್ವರೂಪದ ಬಗ್ಗೆ ಆಗ ನಡೆದ ಜಗಳದಲ್ಲಿ ರೋಮ್ ಒಂದು ಕಡೆ ನಿಂತಿತ್ತು, ಬೇರೆಯಾಗಿ ನಿಂತ ಗುಂಪು ಇನ್ನೊಂದು ಕಡೆ. ಆ ಬೇರೆಯಾದವರ ಜಾಗದಲ್ಲಿ ತಾವೇ ನಿಂತಿರುವಂತೆ ನ್ಯೂಮನ್‌ಗೆ ಕಂಡಿತು. ಆ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ ಅಂತ ಮುಂದೆ ಬರೆದರು. ಯಾವ ಪ್ರಚಾರಕನೂ ಅವರ ಮನೆಗೆ ಬರಲಿಲ್ಲ. ಹಳೆಯ ಪುಸ್ತಕದ ಮುಂದೆ ಒಬ್ಬರೇ ಕೂತಿದ್ದಾಗ ನೆಲ ಅಲುಗಾಡಿತು.

ಅಲ್ಲಿಂದ ಆರು ವರ್ಷ. ನನಗೆ ನ್ಯೂಮನ್ ಮೇಲೆ ಗೌರವ ಮೂಡಿದ್ದು ಈ ಆರು ವರ್ಷಗಳಿಂದ. ಅನುಮಾನ ಬಂದ ಕೂಡಲೇ ಅವರು ಹಾರಲಿಲ್ಲ. ಅನುಮಾನ ಇಲ್ಲ ಅಂತ ನಟಿಸಲೂ ಇಲ್ಲ. ಭಾವನೆಯ ಭರದಲ್ಲಿ ತೀರ್ಮಾನ ಮಾಡಬಾರದು, ಬುದ್ಧಿ ಒಪ್ಪುವವರೆಗೆ ಕಾಯಬೇಕು ಅಂತ ತಮ್ಮನ್ನೇ ತಡೆದುಕೊಂಡರು. 1842ರಲ್ಲಿ ಆಕ್ಸ್‌ಫರ್ಡಿನ ಪಕ್ಕದ ಲಿಟಲ್‌ಮೋರ್ ಹಳ್ಳಿಗೆ ಹೋಗಿ, ಕುದುರೆ ಲಾಯವಾಗಿದ್ದ ಕಟ್ಟಡವನ್ನು ಮನೆ ಮಾಡಿಕೊಂಡರು. ಓದು, ಉಪವಾಸ, ಪ್ರಾರ್ಥನೆ. ಪತ್ರಿಕೆಗಳು ಇಣುಕಿ ನೋಡಿದವು, ಮಠ ಕಟ್ಟುತ್ತಿದ್ದಾರೆ ಅಂತ ಬರೆದವು. 1843ರಲ್ಲಿ, ರೋಮಿನ ವಿರುದ್ಧ ತಾವು ಹಿಂದೆ ಬರೆದ ಕಟುಮಾತುಗಳನ್ನು ಬಹಿರಂಗವಾಗಿ ಹಿಂತೆಗೆದುಕೊಂಡರು. ಅದೇ ಸೆಪ್ಟೆಂಬರ್‌ನಲ್ಲಿ ಸೇಂಟ್ ಮೇರಿ ಚರ್ಚಿನ ಹುದ್ದೆ ಬಿಟ್ಟರು. ಲಿಟಲ್‌ಮೋರ್‌ನ ಪುಟ್ಟ ಚರ್ಚಿನಲ್ಲಿ ಕೊನೆಯ ಪ್ರಬೋಧನೆ ಮಾಡಿದಾಗ ಕೇಳುವವರು ಅಳುತ್ತಿದ್ದರು. ಆಂಗ್ಲಿಕನ್ ಚರ್ಚಿನ ಮಟ್ಟಿಗೆ ನಾನು 1841ರ ಕೊನೆಯಿಂದ ಮರಣಶಯ್ಯೆಯಲ್ಲಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ.

1845ರ ಅಕ್ಟೋಬರ್ 8ರ ರಾತ್ರಿ. ಡೊಮಿನಿಕ್ ಬಾರ್ಬೆರಿ ಅನ್ನುವ ಇಟಲಿಯ ಪಾದ್ರಿ ಜಡಿಮಳೆಯಲ್ಲಿ ಗಾಡಿಯ ಮೇಲೆ ಕೂತು ಲಿಟಲ್‌ಮೋರ್‌ಗೆ ಬಂದರು. ಬಟ್ಟೆ ಪೂರಾ ತೊಯ್ದಿತ್ತು. ಬೆಂಕಿಯ ಮುಂದೆ ಮೈ ಒಣಗಿಸಿಕೊಳ್ಳುತ್ತಿದ್ದಾಗ ನ್ಯೂಮನ್ ಒಳಗೆ ಬಂದು ಅವರ ಕಾಲ ಬಳಿ ಮಂಡಿಯೂರಿದರು. ಪಾಪನಿವೇದನೆ ಆ ರಾತ್ರಿಯೇ ಶುರುವಾಯಿತು. ಮರುದಿನ, ಅಕ್ಟೋಬರ್ 9ರಂದು, ಅವರನ್ನು ಕಥೋಲಿಕ ಸಭೆಗೆ ಸೇರಿಸಿಕೊಳ್ಳಲಾಯಿತು. ಇಂಗ್ಲೆಂಡಿನ ದೊಡ್ಡ ವಿದ್ವಾಂಸರಲ್ಲಿ ಒಬ್ಬರು, ಇಂಗ್ಲಿಷ್ ಅಷ್ಟಾಗಿ ಬಾರದ ಬಡ ಸನ್ಯಾಸಿಯ ಮುಂದೆ ತಲೆಬಾಗಿದರು. ಕಾರ್ಡಿನಲ್‌ಗಳ ಸಮಾರಂಭ ಬೇಕಿದ್ದರೆ ಏರ್ಪಾಡಾಗುತ್ತಿತ್ತು. ಅವರಿಗೆ ಬೇಕಿರಲಿಲ್ಲ.

ಈಗ ಕಳೆದುಕೊಂಡದ್ದಕ್ಕೆ ಬರೋಣ. ಓರಿಯಲ್‌ನ ಫೆಲೋ ಸ್ಥಾನಕ್ಕೆ ಅದಕ್ಕೂ ಮೊದಲೇ ರಾಜೀನಾಮೆ ಕೊಟ್ಟಿದ್ದರು. 1829ರ ಕಾನೂನು ಕಥೋಲಿಕರಿಗೆ ಸಂಸತ್ತಿನ ಬಾಗಿಲು ತೆರೆದಿತ್ತು, ಆದರೆ ಆಕ್ಸ್‌ಫರ್ಡಿನ ಇಂಥ ಸ್ಥಾನಗಳು ಅವರಿಗೆ ತೆರೆದದ್ದು 1871ರಲ್ಲಿ. ಅಂದರೆ ಜೀವನಾಧಾರ ಹೋಯಿತು, ಊರು ಹೋಯಿತು. ತಂಗಿ ಹ್ಯಾರಿಯೆಟ್ ಸಂಬಂಧ ಕಡಿದುಕೊಂಡರು, 1852ರಲ್ಲಿ ಸಾಯುವವರೆಗೂ ಅದು ಸರಿಹೋಗಲಿಲ್ಲ. ಕೀಬಲ್, ಪ್ಯೂಸಿಯಂಥ ಗೆಳೆಯರು ದೂರವಾದರು. 1846ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡ್ ಬಿಟ್ಟವರು 32 ವರ್ಷ ಅಲ್ಲಿಗೆ ಮರಳಿ ಹೋಗಿರಲಿಲ್ಲ ಅಂದರೆ ನೋಡಿ. ರೈಲಿನಿಂದ ಆ ಊರಿನ ಗೋಪುರಗಳು ಮಾತ್ರ ಕಾಣುತ್ತಿದ್ದವು ಅಂತ ಬರೆದಿದ್ದಾರೆ.

ಹೋದ ಕಡೆ ಸುಖ ಸಿಕ್ಕಿತಾ? ಅದೂ ಇಲ್ಲ. 1847ರಲ್ಲಿ ರೋಮಿನಲ್ಲಿ ಕಥೋಲಿಕ ಗುರುವಾಗಿ ದೀಕ್ಷೆ ಪಡೆದು, ಮರುವರ್ಷ ಬರ್ಮಿಂಗ್‌ಹ್ಯಾಂ ಬಳಿ ಸಂತ ಫಿಲಿಪ್ ನೇರಿಯ ಮಾದರಿಯ ಗುರುಗಳ ಬಳಗ ಕಟ್ಟಿದರು. ಕಾರ್ಖಾನೆ ಊರು, ಬಡ ಕೂಲಿಕಾರರು, ಐರಿಷ್ ವಲಸಿಗರು. 1849ರಲ್ಲಿ ಬಿಲ್‌ಸ್ಟನ್‌ನಲ್ಲಿ ಕಾಲರಾ ಬಂದಾಗ ರೋಗಿಗಳ ಸೇವೆಗೆ ತಾವೇ ಹೋದರು. ಡಬ್ಲಿನ್ನಿನಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಕಟ್ಟಿ ಅಂತ ಬಿಷಪ್‌ಗಳು ಕರೆದರು. 1854ರಲ್ಲಿ ಅದು ಶುರುವಾಯಿತು, 1858ರಲ್ಲಿ ಇವರು ಬಿಟ್ಟು ಬಂದರು. ಬಿಷಪ್‌ಗಳಿಗೆ ಹಿಡಿತ ಬೇಕಿತ್ತು, ಇವರಿಗೆ ವಿಶ್ವವಿದ್ಯಾಲಯ ಬೇಕಿತ್ತು.

ಆ ಸಂದರ್ಭದಲ್ಲಿ ಅವರು ಮಾಡಿದ ಉಪನ್ಯಾಸಗಳು ಇವತ್ತಿಗೂ ಓದಲು ತಕ್ಕವು. ಒಂದು ಮಾತು ನಮ್ಮ ಕಾಲೇಜುಗಳ ಬಾಗಿಲಲ್ಲಿ ಬರೆದು ಹಾಕಬೇಕು ಅನ್ನಿಸುತ್ತದೆ. ಮೇಷ್ಟ್ರ ಒಡನಾಟವೇ ಇಲ್ಲದೆ ಪರೀಕ್ಷೆ ಮಾಡಿ ಡಿಗ್ರಿ ಕೊಡುವ ವಿಶ್ವವಿದ್ಯಾಲಯ ಒಂದು ಕಡೆ. ಪಾಠ, ಪರೀಕ್ಷೆ ಏನೂ ಇಲ್ಲದೆ ಹುಡುಗರನ್ನು ಮೂರ್ನಾಲ್ಕು ವರ್ಷ ಸುಮ್ನೆ ಒಟ್ಟಿಗೆ ಇರಲು ಬಿಡುವ ಜಾಗ ಇನ್ನೊಂದು ಕಡೆ. ಇವೆರಡರಲ್ಲಿ ಬುದ್ಧಿ ಬೆಳೆಸುವುದಕ್ಕೆ ಎರಡನೆಯದೇ ವಾಸಿ ಅಂದರು ನ್ಯೂಮನ್. ಪರೀಕ್ಷೆಯಲ್ಲಿ ಕುಸಿದು, ಆಮೇಲೆ ಓರಿಯಲ್‌ನ ಗೆಳೆಯರ ನಡುವೆ ಬೆಳೆದವರ ಮಾತು ಇದು.

1859ರಲ್ಲಿ ಒಂದು ಲೇಖನ ಬರೆದರು. ನಂಬಿಕೆಯ ವಿಷಯದಲ್ಲಿ ಸಾಮಾನ್ಯ ಭಕ್ತರ ಅಭಿಪ್ರಾಯವನ್ನೂ ಕೇಳಬೇಕು, ನಾಲ್ಕನೇ ಶತಮಾನದಲ್ಲಿ ಬಿಷಪ್‌ಗಳು ಎಡವಿದಾಗ ನಂಬಿಕೆ ಉಳಿಸಿದ್ದು ಜನಸಾಮಾನ್ಯರು ಅಂತ ಅದರ ತಿರುಳು. ಒಬ್ಬ ಬಿಷಪ್ ರೋಮಿಗೆ ದೂರು ಕೊಟ್ಟರು. ರೋಮಿನಲ್ಲಿ ಪೋಪ್ ಬಳಿ ಇದ್ದ ಟಾಲ್ಬಟ್ ಅನ್ನುವ ಗುರು ಮುಂದೊಮ್ಮೆ ಇವರನ್ನು ಇಂಗ್ಲೆಂಡಿನ ಅತ್ಯಂತ ಅಪಾಯಕಾರಿ ಮನುಷ್ಯ ಅಂತಲೇ ಕರೆದರು. ಆಕ್ಸ್‌ಫರ್ಡಿನಲ್ಲಿ ತಮ್ಮ ಬಳಗದ ಒಂದು ಶಾಖೆ ತೆರೆಯಲು ಹೊರಟಾಗಲೂ ತಡೆ ಬಂತು. ಹಿಂದೆ ಪ್ರಾಟೆಸ್ಟಂಟರು ಮುಚ್ಚಿದ ಬಾಗಿಲನ್ನು ಈಗ ಸ್ವಂತ ಸಭೆಯವರೇ ಮುಚ್ಚಿದರು. 1863ರ ದಿನಚರಿಯಲ್ಲಿ ಅವರು ಬರೆದದ್ದು ಇದು: ಪ್ರಾಟೆಸ್ಟಂಟ್ ಆಗಿದ್ದಾಗ ನನ್ನ ಧರ್ಮ ಮಂಕಾಗಿತ್ತು, ಬದುಕಲ್ಲ, ಕಥೋಲಿಕನಾದ ಮೇಲೆ ಬದುಕು ಮಂಕಾಗಿದೆ, ಧರ್ಮವಲ್ಲ. ಲಾಭಕ್ಕೆ ಮತ ಬದಲಿಸಿದವರ ಮಾತಾ ಇದು?

1864ರ ಜನವರಿಯಲ್ಲಿ ಕಾದಂಬರಿಕಾರ, ಆಂಗ್ಲಿಕನ್ ಪಾದ್ರಿ ಚಾರ್ಲ್ಸ್ ಕಿಂಗ್ಸ್‌ಲಿ ಒಂದು ಪತ್ರಿಕೆಯಲ್ಲಿ, ರೋಮಿನ ಗುರುಗಳಿಗೆ ಸತ್ಯ ಮುಖ್ಯವೇ ಅಲ್ಲ, ಬೇಕಿದ್ದರೆ ನ್ಯೂಮನ್ ಅವರನ್ನೇ ನೋಡಿ ಅಂತ ಚುಚ್ಚಿದರು. ಇವರು ಸುಳ್ಳುಗಾರರು ಅನ್ನುವ ಮಾತು 20 ವರ್ಷದಿಂದ ಓಡಾಡುತ್ತಿತ್ತು. ಈ ಸಲ ಉತ್ತರ ಕೊಟ್ಟರು. ವಾರಕ್ಕೊಂದು ಕಂತಿನಂತೆ ತಮ್ಮ ಮನಸ್ಸು ಬದಲಾದ ಇತಿಹಾಸವನ್ನೇ ಬಿಚ್ಚಿಟ್ಟರು. ಅದೇ 'ಅಪೊಲೋಜಿಯಾ'. ನಿಂತುಕೊಂಡೇ ಬರೆದರು, ಅಳುತ್ತಾ ಬರೆದರು, ಒಮ್ಮೆ 22 ಗಂಟೆ ಎಡೆಬಿಡದೆ ಬರೆದರು. ಓದಿದ ಇಂಗ್ಲೆಂಡ್ ಒಪ್ಪಿತೋ ಬಿಟ್ಟಿತೋ, ಈ ಮನುಷ್ಯ ಪ್ರಾಮಾಣಿಕ ಅಂತ ಮಾತ್ರ ನಂಬಿತು. ನನಗೆ ಆ ಪುಸ್ತಕದಲ್ಲಿ ದೊಡ್ಡದಾಗಿ ಕಾಣುವುದು ಬೇರೆಯೇ. ಬಿಟ್ಟು ಬಂದ ಚರ್ಚಿನ ಗೆಳೆಯರ ಬಗ್ಗೆ ಅದರಲ್ಲಿ ಇರುವುದು ಪ್ರೀತಿ, ಕೃತಜ್ಞತೆ. ಮತ ಬದಲಿಸಿದವರು ಹಳೆಯ ಮನೆಗೆ ಕಲ್ಲು ಹೊಡೆಯಲೇಬೇಕು ಅಂತ ಎಲ್ಲೂ ಬರೆದಿಲ್ಲ ಅಲ್ವಾ? ಮರುವರ್ಷ, 1865ರ ಸೆಪ್ಟೆಂಬರ್‌ನಲ್ಲಿ, ಅವರು ಕೀಬಲ್ ಮನೆ ಬಾಗಿಲಿಗೆ ಹೋದರು. ಇಬ್ಬರಿಗೂ ಒಬ್ಬರನ್ನೊಬ್ಬರ ಗುರುತು ಸಿಗಲಿಲ್ಲ. ಅವತ್ತು ಪ್ಯೂಸಿಯೂ ಅಲ್ಲಿದ್ದರು. ಮೂವರು ಮುದುಕರು 20 ವರ್ಷದ ಮೇಲೆ ಒಟ್ಟಿಗೆ ಊಟ ಮಾಡಿದರು. ಮುಂದಿನ ಮಾರ್ಚ್‌ನಲ್ಲಿ ಕೀಬಲ್ ತೀರಿಕೊಂಡರು.

ನ್ಯೂಮನ್‌ರಲ್ಲಿ ಎಲ್ಲವೂ ನನಗೆ ಒಪ್ಪಿಗೆ ಅಂತಲ್ಲ. ಬೇಗ ನೊಂದುಕೊಳ್ಳುವ ಸ್ವಭಾವ, ನೋವನ್ನು ವರ್ಷಗಟ್ಟಲೆ ಮರೆಯುತ್ತಿರಲಿಲ್ಲ. ಇವರಂತೆಯೇ ಕಥೋಲಿಕರಾಗಿ ಆರ್ಚ್‌ಬಿಷಪ್ ಆದ ಮ್ಯಾನಿಂಗ್ ಜೊತೆ ಮುನಿಸು ಕೊನೆಯವರೆಗೂ ಪೂರ್ತಿ ಕರಗಲಿಲ್ಲ. ಎಲ್ಲ ಧರ್ಮವೂ ಒಂದರಷ್ಟೇ ಇನ್ನೊಂದು ಸರಿ ಅನ್ನುವ ವಿಚಾರವನ್ನು ಅವರು ಜೀವನಪೂರ್ತಿ ವಿರೋಧಿಸಿದರು. ನಾನು ಬೆಳೆದ ವಾತಾವರಣಕ್ಕೆ ಆ ಮಾತು ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಆ ನಂಬಿಕೆಯ ಬೆಲೆಯನ್ನು ಬೇರೆ ಯಾರಿಂದಲೂ ಕೊಡಿಸದೆ ತಾವೇ ಕೊಟ್ಟರು. 1875ರಲ್ಲಿ, ಪೋಪ್ ಹೇಳಿದ್ದಕ್ಕೆಲ್ಲ ಕಥೋಲಿಕರು ಗುಲಾಮರು ಅನ್ನುವ ಆರೋಪ ಬಂದಾಗ ಕೊಟ್ಟ ಉತ್ತರವೂ ಅದೇ ಮನುಷ್ಯನದು. ಊಟದ ಮೇಲೆ ಧರ್ಮದ ಹೆಸರಲ್ಲಿ ಗೌರವದ ಬಟ್ಟಲು ಎತ್ತಲೇಬೇಕಾದರೆ ಪೋಪ್ ಹೆಸರಲ್ಲಿ ಎತ್ತುತ್ತೇನೆ, ಆದರೂ ಮೊದಲು ಮನಸ್ಸಾಕ್ಷಿಗೆ, ಆಮೇಲೆ ಪೋಪ್‌ಗೆ ಅಂದರು.

1878ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ತನ್ನ ಮೊದಲ ಗೌರವ ಫೆಲೋ ಆಗಿ ಬರಮಾಡಿಕೊಂಡಿತು. 1879ರಲ್ಲಿ 13ನೇ ಲಿಯೋ ಪೋಪ್ ಅವರನ್ನು ಕಾರ್ಡಿನಲ್ ಮಾಡಿದರು. ತಲೆಯ ಮೇಲಿನ ಮೋಡ ಕೊನೆಗೂ ಸರಿಯಿತು ಅಂತ ಖುಷಿಪಟ್ಟರು ಆ 78ರ ಮುದುಕರು. ತೀರಿಕೊಂಡದ್ದು 1890ರ ಆಗಸ್ಟ್ 11ರಂದು. 2019ರ ಅಕ್ಟೋಬರ್ 13ರಂದು ಪೋಪ್ ಫ್ರಾನ್ಸಿಸ್ ಸಂತ ಪದವಿ ಕೊಟ್ಟಾಗ, ಅದೇ ಪೂಜೆಯಲ್ಲಿ ಕೇರಳದ ಮರಿಯಂ ತ್ರೇಸ್ಯಾ ಕೂಡ ಸಂತರಾದರು. 2025ರ ನವೆಂಬರ್ 1ರಂದು 14ನೇ ಲಿಯೋ ಪೋಪ್, ಒಂದು ಕಾಲಕ್ಕೆ ಅಪಾಯಕಾರಿ ಅನ್ನಿಸಿಕೊಂಡ ಇದೇ ಮನುಷ್ಯನನ್ನು ಇಡೀ ಸಭೆಗೆ ಪಾಠ ಹೇಳುವ ಗುರುಗಳ ಸಾಲಿಗೆ ಸೇರಿಸಿದರು.

ಓದುವ ಮನಸ್ಸಿದ್ದವರು 'ಅಪೊಲೋಜಿಯಾ'ದ 1839ರಿಂದ 1845ರವರೆಗಿನ ಭಾಗದಿಂದ ಶುರುಮಾಡಿ. ಚರ್ಚಿನ ಇತಿಹಾಸದ ಹೆಸರುಗಳು ಅಲ್ಲಲ್ಲಿ ಕಾಡುತ್ತವೆ, ಅವನ್ನು ದಾಟಿಕೊಂಡು ಹೋಗಿ. ಒಬ್ಬ ಮನುಷ್ಯ ತನಗೇ ಸುಳ್ಳು ಹೇಳಿಕೊಳ್ಳದೆ ಹೇಗೆ ಯೋಚಿಸುತ್ತಾನೆ ಅನ್ನುವುದು ಅಲ್ಲಿ ಪುಟಪುಟದಲ್ಲೂ ಸಿಗುತ್ತದೆ. ಓದಿದವರು ಕೆಳಗೆ ಬರೆಯಿರಿ, ಮಾತಾಡೋಣ.