ಬಂಪರ್ ಬಿಚ್ಚಿದ ಮೇಲೆ ಗೊತ್ತಾಗಿದ್ದು
ಕಾರು ವಿಮೆಯ ಕ್ಲೇಮ್ ಮೊತ್ತ ಕಡಿಮೆ ಬಂದರೆ ಸುಮ್ನೆ ಒಪ್ಪಿಕೊಳ್ಳಬೇಡಿ ಅಂತ ಲೇಖನದಲ್ಲಿ ಬರೆದಿದ್ದೀರಿ. ನೂರಕ್ಕೆ ನೂರು ನಿಜ. ನನ್ನ ಕಾರಿನ ಹೆಡ್‌ಲೈಟ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ವಿಮೆಗಾಗಿ ಹಾನಿ ಅಂದಾಜು ಮಾಡುವ ಸರ್ವೇಯರ್ ರಿಪೇರಿ ಸಾಕು ಅಂತ ಬರೆದುಬಿಟ್ಟರು. ಬಂಪರ್ ಬಿಚ್ಚಿದರೆ, ಲೈಟನ್ನು ಹಿಡಿದಿಡುವ ಪ್ಲಾಸ್ಟಿಕ್ ಕಿವಿಗಳೆರಡೂ ಮುರಿದಿದ್ದವು. ಬೆರಳಲ್ಲಿ ಮುಟ್ಟಿದರೆ ಇಡೀ ಲೈಟೇ ಅಲ್ಲಾಡುತ್ತಿತ್ತು. ಅಲ್ಲೇ ಫೋಟೊ, ವಿಡಿಯೊ ತೆಗೆದೆ. ರಿಪೇರಿ ಕೆಲಸ ನಿಲ್ಲಿಸಲು ಹೇಳಿ, ಮತ್ತೆ ಬಂದು ನೋಡಿ ಅಂತ ವಿಮಾ ಕಂಪನಿಗೆ ಇಮೇಲ್ ಕಳಿಸಿದೆ. ಫೋನಲ್ಲಿ ಎಷ್ಟು ಜಗಳ ಆಡಿದರೂ ದಾಖಲೆ ಉಳಿಯೋದಿಲ್ಲ ಅಲ್ವಾ? ಎರಡನೇ ಸಲ ನೋಡಿ ಹೊಸ ಲೈಟಿಗೆ ಒಪ್ಪಿದರು. ಸವಕಳಿ, ಅಂದರೆ ಭಾಗ ಹಳೆಯದಾದಂತೆ ಇಳಿಯುವ ಬೆಲೆ, ಕಳೆದಿದ್ದಕ್ಕೆ ನನ್ನ ತಕರಾರಿಲ್ಲ, ಅದು ಪಾಲಿಸಿಯಲ್ಲೇ ಇತ್ತು. ಆದರೆ ಪೇಂಟ್, ಕೂಲಿಯಲ್ಲಿ ಜಾಸ್ತಿ ಕಡಿತ ಮಾಡಿದ್ದು ಯಾವ ಲೆಕ್ಕದಲ್ಲಿ? ಲಿಖಿತವಾಗಿ ಕೇಳಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ಸರ್ವೇ ವರದಿಯ ಪ್ರತಿ ಕೇಳಿ ಪಡೆಯಿರಿ. ತಕರಾರು ಮುಗಿಯುವವರೆಗೆ ಮುರಿದ ಭಾಗವನ್ನು ಎಸೆಯಲು ಬಿಡಬೇಡಿ.