ಈ ಹಣದಿಂದ ಯಾವ ಆಮದು ನಿಲ್ಲುತ್ತದೆ?

1973ರ ತೈಲ ಬಿಕ್ಕಟ್ಟು ಎರಗಿದಾಗ ಡೆನ್ಮಾರ್ಕ್ ತನ್ನ ಶಕ್ತಿಯ ಅಗತ್ಯದಲ್ಲಿ ಸುಮಾರು ಶೇ 90ರಷ್ಟನ್ನು ತೈಲದಿಂದಲೇ ಪೂರೈಸಿಕೊಳ್ಳುತ್ತಿತ್ತು, ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೊರಗಿನಿಂದ ಬರುತ್ತಿತ್ತು. ಆ ಚಳಿಗಾಲದಲ್ಲಿ ಭಾನುವಾರ ಕಾರು ಓಡಿಸುವುದನ್ನೇ ಸರ್ಕಾರ ನಿಷೇಧಿಸಿತು.

ಕೋಪನ್‌ಹೇಗನ್‌ನಲ್ಲಿ ನೆಲೆಸಿರುವ ನಾನು ಊರಿಗೆ ಬಂದಾಗಲೆಲ್ಲ ಜನ ಕೇಳುವುದು ಡೆನ್ಮಾರ್ಕಿನ ಗಾಳಿಯಂತ್ರಗಳ ಬಗ್ಗೆ. ನನ್ನ ಅಭಿಪ್ರಾಯದಲ್ಲಿ ಆ ದೇಶದ ಅತ್ಯಂತ ಜಾಣ ಹೂಡಿಕೆ ಕಣ್ಣಿಗೆ ಬೀಳದೆ ರಸ್ತೆಯ ಕೆಳಗೆ ಹುದುಗಿದೆ. ಆಮದಾದ ತೈಲದ ದೊಡ್ಡ ಪಾಲು ಮನೆ ಬೆಚ್ಚಗಿಡುವ ಒಲೆಗಳಲ್ಲಿ ಉರಿಯುತ್ತಿದ್ದುದನ್ನು ಗುರುತಿಸಿ, 1979ರಲ್ಲಿ ಕಾನೂನೊಂದನ್ನು ತಂದು, ಯಾವ ಬಡಾವಣೆಗೆ ಯಾವ ಮೂಲದಿಂದ ಶಾಖ ಒದಗಬೇಕೆಂದು ಯೋಜಿಸುವ ಹೊಣೆಯನ್ನು ಸ್ಥಳೀಯ ಆಡಳಿತಗಳಿಗೆ ವಹಿಸಲಾಯಿತು. ವಿದ್ಯುತ್ ಸ್ಥಾವರಗಳಲ್ಲಿ ವ್ಯರ್ಥವಾಗುತ್ತಿದ್ದ ಶಾಖವು ಬಿಸಿನೀರಿನ ಕೊಳವೆಗಳ ಮೂಲಕ ಮನೆಗಳನ್ನು ತಲುಪಿತು. ಇಂದು ಸುಮಾರು ಮೂರನೇ ಎರಡರಷ್ಟು ಮನೆಗಳು ಈ ಜಾಲದಲ್ಲಿವೆ. 1997ರಲ್ಲಿ ದೇಶ ಶಕ್ತಿಯಲ್ಲಿ ಸ್ವಾವಲಂಬಿಯಾಗಲು ಉತ್ತರ ಸಮುದ್ರದ ತೈಲ ಮತ್ತು ಅನಿಲದ ಪಾಲು ದೊಡ್ಡದಿತ್ತು, ಅದನ್ನು ಮರೆಮಾಚಿ ಡೆನ್ಮಾರ್ಕನ್ನು ಹೊಗಳುವವರೇ ಹೆಚ್ಚು. ಆ ನಿಕ್ಷೇಪ ಕರಗುತ್ತ ಬಂದಿದ್ದರೂ ಕೊಳವೆಗಳು ಇಂದಿಗೂ ಕೆಲಸ ಮಾಡುತ್ತಿವೆ.

ಶಕ್ತಿಗೆ ಹಾಕುವ ಹಣದಿಂದ ಯಾವ ಆಮದು ನಿಲ್ಲುತ್ತದೆ ಎಂಬ ಪ್ರಶ್ನೆಯನ್ನು ನಮ್ಮಲ್ಲಿಯೂ ಕೇಳಬೇಕು. ಕರ್ನಾಟಕದ ಹೆಮ್ಮೆಯ ಪಾವಗಡ ಸೌರ ಪಾರ್ಕ್ 2,050 ಮೆಗಾವ್ಯಾಟ್ ಸಾಮರ್ಥ್ಯದ್ದು. ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಕೊಳ್ಳದೆ ಗುತ್ತಿಗೆಗೆ ಪಡೆದ ಕ್ರಮ ಮೆಚ್ಚತಕ್ಕದ್ದೇ, ಆದರೆ ಹೊಲವಿಲ್ಲದ ಕೂಲಿಕಾರರಿಗೆ ಆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಫಲಕಗಳು ಚೀನಾದಿಂದ ಬರುತ್ತವೆ, ಹಾಗಾಗಿ ಇದೂ ಪರಾವಲಂಬನೆಯೇ ಎಂಬ ಆಕ್ಷೇಪವನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ: ಒಮ್ಮೆ ಕೊಂಡ ಫಲಕ ಇಪ್ಪತ್ತೈದು ವರ್ಷ ದುಡಿಯುತ್ತದೆ, ತೈಲವನ್ನಾದರೋ ನಿತ್ಯ ಕೊಳ್ಳುತ್ತಲೇ ಇರಬೇಕು.

ನನ್ನ ತಕರಾರು ಬೇರೆ. ಪಾವಗಡದ ವಿದ್ಯುತ್ತು ಮುಖ್ಯವಾಗಿ ಉಳಿಸುವುದು ಕಲ್ಲಿದ್ದಲನ್ನು, ಅದರ ಬಹುಪಾಲು ನಮ್ಮ ದೇಶದಲ್ಲೇ ಸಿಗುತ್ತದೆ. ಗಾಳಿಯ ಶುದ್ಧಿಗೆ ಆ ಉಳಿತಾಯ ಬೇಕೇ ಬೇಕು. ಆದರೆ ಭಾರತ ಪರರ ಕೈ ನೋಡುತ್ತಿರುವುದು ಕಚ್ಚಾ ತೈಲಕ್ಕೆ, ಅದರಲ್ಲಿ ಶೇ 85ಕ್ಕೂ ಹೆಚ್ಚು ಆಮದು, ಮತ್ತು ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುವ ಅಡುಗೆ ಅನಿಲಕ್ಕೆ. ಬಿಸಿಲಿನ ವಿದ್ಯುತ್ತು ಬಸ್ಸಿನ ಬ್ಯಾಟರಿಗೂ ಅಡುಗೆಮನೆಯ ಇಂಡಕ್ಷನ್ ಒಲೆಗೂ ತಲುಪದಿದ್ದರೆ ಈ ಎರಡು ಆಮದುಗಳಲ್ಲಿ ಹೇಳಿಕೊಳ್ಳುವಂಥ ಇಳಿಕೆಯಾಗದು. ಸಂಜೆ ಏಳರ ಹೊತ್ತಿಗೆ, ಸೂರ್ಯ ಮುಳುಗಿದ ಮೇಲೆ, ಎಲ್ಲರೂ ಒಟ್ಟಿಗೆ ಒಲೆ ಹಚ್ಚಿದರೆ ತಾಳಿಕೊಳ್ಳುವ ಟ್ರಾನ್ಸ್‌ಫಾರ್ಮರ್, ತಂತಿ ಮತ್ತು ವಿದ್ಯುತ್ ಸಂಗ್ರಹದ ವ್ಯವಸ್ಥೆಗೆ ಹಣ ಹಾಕುವುದು ಇನ್ನೊಂದು ಪಾರ್ಕ್ ಉದ್ಘಾಟಿಸಿದಷ್ಟು ಆಕರ್ಷಕವಲ್ಲ. ಆದರೂ ಸರ್ಕಾರ ಮುಂದಿನ ಯೋಜನೆಗಳನ್ನು ಮಂಜೂರು ಮಾಡುವಾಗ ಮೆಗಾವ್ಯಾಟ್‌ಗಳ ಪಕ್ಕದಲ್ಲಿಯೇ, ವರ್ಷಕ್ಕೆ ಎಷ್ಟು ಡೀಸೆಲ್ ಮತ್ತು ಎಷ್ಟು ಸಿಲಿಂಡರ್ ಉಳಿಯುತ್ತವೆ ಎಂಬ ಅಂದಾಜನ್ನೂ ಕಡ್ಡಾಯವಾಗಿ ಪ್ರಕಟಿಸಬೇಕು.